ಮೇಲಿನ ಮಹಡಿಯ ಬಿಸಿಲು

ಮೇ ತಿಂಗಳು ಬಂತೆಂದರೆ ನಮ್ಮ ಕನ್ನಡ ಮನೆಗಳಲ್ಲಿ ಎರಡು ಬಗೆಯ ಸಂಚಾರ. ರಜೆ ಮಂಜೂರಾದವರು ಹೆಂಡತಿ-ಮಕ್ಕಳೊಡನೆ ಊರಿಗೆ ಹೊರಡುತ್ತಾರೆ. ಆಗದವರು ಊರಿನಿಂದ ತಂದೆ-ತಾಯಿಯರನ್ನು ಇಲ್ಲಿಗೇ ಕರೆಸಿಕೊಳ್ಳುತ್ತಾರೆ. 2010ರ ಮೇ ತಿಂಗಳಲ್ಲಿ ನಾನು ಎರಡನೆಯ ಗುಂಪಿನವನು. ನಾನು ಅಹಮದಾಬಾದಿಗೆ ಬಂದು ಆಗ ನಾಲ್ಕು ವರ್ಷ. ಕೇಂದ್ರ ಸರ್ಕಾರದ ಕಚೇರಿಯೊಂದರ ಲೆಕ್ಕಪತ್ರ ವಿಭಾಗದಲ್ಲಿ ಗುಮಾಸ್ತ. ಮಣಿನಗರದಲ್ಲಿ ಬಾಡಿಗೆ ಮನೆ. ಮಗನಿಗೆ ಒಂದು ವರ್ಷ ತುಂಬುವುದಿತ್ತು. ಮೊಮ್ಮಗನ ಹುಟ್ಟುಹಬ್ಬಕ್ಕೆಂದು ಗದಗದಿಂದ ತಂದೆ-ತಾಯಿ ಬಂದಿಳಿದರು. ತಂದೆಯವರು ನಿವೃತ್ತ ಪ್ರಾಥಮಿಕ ಶಾಲಾ ಶಿಕ್ಷಕರು, ಅರವತ್ತೆಂಟು ವರ್ಷ, ರಕ್ತದೊತ್ತಡಕ್ಕೆ ದಿನಕ್ಕೆರಡು ಮಾತ್ರೆ, ಅದು ಬಿಟ್ಟರೆ ಗಟ್ಟಿ ಆಳು.

ಮನೆ ಮೂರನೆಯ ಮಹಡಿಯಲ್ಲಿತ್ತು. ಅದರ ಮೇಲೆ ತಾರಸಿ, ತಾರಸಿಯ ಮೇಲೆ ಸೂರ್ಯ. ಈ ಪತ್ರಿಕೆ ಓದುವ ಬಹುಮಂದಿಗೆ ಇದನ್ನು ವಿವರಿಸಬೇಕಾಗಿಲ್ಲ. ಹೊರಗಿನಿಂದ ಬಂದ ನಮ್ಮಂಥವರಿಗೆ ಮೊದಲು ಸಿಗುವುದು ಮೇಲಿನ ಮಹಡಿಯೇ. ಸ್ಥಳೀಯರು ಅದನ್ನು ಬಿಡುತ್ತಾರೆ, ಮಾಲೀಕರು ಬಾಡಿಗೆಯಲ್ಲಿ ಐನೂರು ಕಡಿಮೆ ಮಾಡುತ್ತಾರೆ, ನಾವು ಲಾಭವಾಯಿತೆಂದು ಹಿಗ್ಗುತ್ತೇವೆ. ಕೂಲರ್ ಕೊಳ್ಳಬೇಕೆಂದು ಎರಡು ಬೇಸಿಗೆಯಿಂದ ಅಂದುಕೊಂಡಿದ್ದೆ. ಆರನೆಯ ವೇತನ ಆಯೋಗದ ಬಾಕಿ ಹಣ ಬಂದದ್ದು ಊರಿನ ಮನೆಯ ಸೋರುವ ಮಾಳಿಗೆಯ ರಿಪೇರಿಗೆ ಹೋಯಿತು. ಕೂಲರಿನ ಮಾತೆತ್ತಿದಾಗ ತಂದೆಯವರು ನಕ್ಕುಬಿಟ್ಟರು. "ಏ ತಮ್ಮಾ, ಗದಗದ ಬಿಸಿಲಾಗ ಹುಟ್ಟಿ ಬೆಳದಾಂವ ನಾನು. ನಿನ್ನ ಅಹಮದಾಬಾದಿನ ಬಿಸಿಲು ನನಗೇನು ಮಾಡತೈತಿ?"

ಆ ವಾರದ ಬಿಸಿಲನ್ನು ಹಳಬರು ಈಗಲೂ ನೆನೆಯುತ್ತಾರೆ. ಮೇ 21, ಶುಕ್ರವಾರ, ನಗರದ ಉಷ್ಣತೆ 46.8 ಡಿಗ್ರಿ ಸೆಲ್ಸಿಯಸ್ ಮುಟ್ಟಿತು. ಕಚೇರಿಯಿಂದ ಮನೆಗೆ ಬಂದಾಗ ತಂದೆಯವರು ಫ್ಯಾನಿನ ಕೆಳಗೆ ನೆಲದ ಮೇಲೆ ಮಲಗಿದ್ದರು. ಮಧ್ಯಾಹ್ನ ಊಟ ಸೇರಲಿಲ್ಲವೆಂದು ತಾಯಿ ಹೇಳಿದಳು. ಸಂಜೆ ಮೊಮ್ಮಗ ಅಂಬೆಗಾಲಿಟ್ಟು ಹತ್ತಿರ ಹೋದಾಗ ಅವನನ್ನು ನನ್ನ ಹೆಸರಿನಿಂದ ಕರೆದರು. ಒಮ್ಮೆಯಲ್ಲ, ಮೂರು ನಾಲ್ಕು ಸಲ. ನಾವೆಲ್ಲ ನಕ್ಕೆವು. ಅಜ್ಜನಿಗೆ ಮಗ-ಮೊಮ್ಮಗ ಎಲ್ಲ ಒಂದೇ ಆಗಿದೆ ಎಂದಳು ನನ್ನ ಹೆಂಡತಿ. ರಾತ್ರಿ ಹತ್ತು ಗಂಟೆಯ ಹೊತ್ತಿಗೆ ಅವರೇ ಕೇಳಿದರು: "ಮಾಳಿಗಿ ಮ್ಯಾಲೆ ಹಾಸಿಗಿ ಹಾಕೋಣೇನು?" ಊರಿನಲ್ಲಿ ಬೇಸಿಗೆಯೆಲ್ಲ ಮಾಳಿಗೆಯ ಮೇಲೆಯೇ ನಮ್ಮ ನಿದ್ರೆ. ಇಲ್ಲಿ ತಾರಸಿಗೆ ಬೀಗ. ಬೀಗದ ಕೈ ಸೊಸೈಟಿಯ ಕಾರ್ಯದರ್ಶಿಯವರ ಮನೆಯಲ್ಲಿ. ಅಷ್ಟು ಹೊತ್ತಿನಲ್ಲಿ ಹೋಗಿ ಬಾಗಿಲು ತಟ್ಟಲು ನನಗೆ ಸಂಕೋಚ. ನಾಳೆ ಕೇಳುತ್ತೇನೆ ಎಂದೆ.

ಶನಿವಾರ ಬೆಳಗಿನ ಜಾವ ತಾಯಿ ಎಬ್ಬಿಸಿದಾಗ ತಂದೆಯವರ ಮೈ ಇನ್ನೂ ಬಿಸಿಯಾಗಿತ್ತು, ಉಸಿರು ಇರಲಿಲ್ಲ. ಬಡಾವಣೆಯ ವೈದ್ಯರೊಬ್ಬರು ಬಂದು ನೋಡಿ, ಹೃದಯ ಮತ್ತು ಉಸಿರಾಟ ನಿಂತು ಮರಣ ಎಂದು ಚೀಟಿ ಬರೆದುಕೊಟ್ಟರು. ಅವರನ್ನು ನಾನು ದೂರುವುದಿಲ್ಲ. ಬರೆದದ್ದರಲ್ಲಿ ಸುಳ್ಳೇನೂ ಇಲ್ಲ. ಸತ್ತವರೆಲ್ಲರ ಹೃದಯವೂ ನಿಂತೇ ಇರುತ್ತದೆ. ಸ್ಮಶಾನದಲ್ಲಿ ನಮ್ಮ ಮುಂದೆ ಆರು ಜನರ ಸರದಿ ಇತ್ತು. ರಿಜಿಸ್ಟರ್ ಬರೆಯುವಾತ ತಲೆ ಎತ್ತದೆ, "ಆಜೆ ಬಹು ಛೆ" ಎಂದ. ಇವತ್ತು ಬಹಳ ಇವೆ ಎಂದು. ಆ ಮಾತು ಕಿವಿಗೆ ಬಿತ್ತೇ ಹೊರತು ತಲೆಗೆ ಹೋಗಲಿಲ್ಲ. ವಡೋದರಾದಿಂದ ತಂಗಿ ಬರುವುದನ್ನು ಕಾಯುತ್ತ ನೆರಳು ಹುಡುಕಿ ನಿಂತಿದ್ದೆ.

ಆರು ವರ್ಷ ಕಳೆಯಿತು. 2016ರ ಮೇ 20ರಂದು ಅಹಮದಾಬಾದಿನಲ್ಲಿ 48 ಡಿಗ್ರಿ ಆಯಿತು. 1916ರ ಮೇ ತಿಂಗಳಿನ 47.8ರ ದಾಖಲೆ ನೂರು ವರ್ಷಕ್ಕೆ ಮುರಿಯಿತು. ಆ ದಿನ ಕಚೇರಿಯಲ್ಲಿ ಕೆಲಸಕ್ಕಿಂತ ಬಿಸಿಲಿನ ಮಾತೇ ಹೆಚ್ಚು. ಆಗ ಸಹೋದ್ಯೋಗಿಯೊಬ್ಬರು, "ನೀವು ಬಿ.ಎಸ್‌ಸಿ. ಅಲ್ಲವೇ, ಇದನ್ನು ಓದಿ" ಎಂದು ಮುದ್ರಿಸಿ ತಂದ ಕೆಲವು ಹಾಳೆಗಳನ್ನು ಕೊಟ್ಟರು. ಅದು 2014ರಲ್ಲಿ 'ಪ್ಲಾಸ್ ಒನ್' ಎಂಬ ವಿಜ್ಞಾನ ಪತ್ರಿಕೆಯಲ್ಲಿ ಬಂದ ಸಂಶೋಧನಾ ಲೇಖನ. ವಿಷಯ 2010ರ ಅಹಮದಾಬಾದಿನ ಬಿಸಿಲು ಮತ್ತು ಸಾವು. ಗಾಂಧಿನಗರದ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಪಬ್ಲಿಕ್ ಹೆಲ್ತ್ ಸಂಸ್ಥೆಯ ಡಾ. ದಿಲೀಪ್ ಮಾವಳಂಕರ್ ಮತ್ತು ಅವರ ಸಂಗಡಿಗರು ಅಮೆರಿಕದ ಸಂಶೋಧಕರ ಜೊತೆ ಸೇರಿ ಮಾಡಿದ ಕೆಲಸ.

ಧಾರವಾಡದಲ್ಲಿ ನಾನು ಓದಿದ್ದು ಭೌತಶಾಸ್ತ್ರ; ವೈದ್ಯವಿಜ್ಞಾನದ ಲೇಖನ ನನಗೆ ಕಬ್ಬಿಣದ ಕಡಲೆ. ಆದರೆ ಅದರ ನಡುವಿನ ಲೆಕ್ಕ ನೋಡಿದೊಡನೆ ಗುರುತು ಹಿಡಿದೆ, ಏಕೆಂದರೆ ಪ್ರತಿ ತಿಂಗಳೂ ಕಚೇರಿಯಲ್ಲಿ ನಾನು ಮಾಡುವುದು ಅದನ್ನೇ. ಒಂದು ತಿಂಗಳ ಖರ್ಚು ವಿಪರೀತ ಏರಿದರೆ ನಾವು ಒಂದೊಂದೇ ಬಿಲ್ಲನ್ನು ಅನುಮಾನಿಸುವುದಿಲ್ಲ. ಒಂದೊಂದು ಬಿಲ್ಲೂ ಸಾಚಾ ಆಗಿಯೇ ಇರುತ್ತದೆ. ಹಿಂದಿನ ವರ್ಷದ ಅದೇ ತಿಂಗಳ ಅಂಕಿಯನ್ನು ಪಕ್ಕದಲ್ಲಿಟ್ಟು ಕಳೆಯುತ್ತೇವೆ. ಈ ಸಂಶೋಧಕರೂ ಹಾಗೆಯೇ ಮಾಡಿದ್ದರು. ಯಾವ ಚೀಟಿಯಲ್ಲಿ ಏನು ಕಾರಣ ಬರೆದಿದೆ ಎಂದು ನೋಡಲು ಹೋಗದೆ, ನಗರದ ಒಟ್ಟು ಸಾವುಗಳನ್ನು ಎಣಿಸಿದರು. 2009 ಮತ್ತು 2011ರ ಮೇ ತಿಂಗಳುಗಳ ಸರಾಸರಿ 3,118. 2010ರ ಮೇ ತಿಂಗಳಲ್ಲಿ 4,462. ಕಳೆದರೆ 1,344. ನೂರಕ್ಕೆ ನಲವತ್ತಮೂರರಷ್ಟು ಹೆಚ್ಚು.

ಆ ಕಾಗದದ ಮೇಲೆ ಪೆನ್ಸಿಲಿನಿಂದ ನಾನೇ ಮತ್ತೊಮ್ಮೆ ಕಳೆದು ನೋಡಿದೆ. 1,344 ಬಂತು. ಗುಮಾಸ್ತನ ಅಭ್ಯಾಸ, ಬೇರೆಯವರ ಮೊತ್ತವನ್ನು ನಂಬುವುದಿಲ್ಲ. ಆಮೇಲೆ ಪೆನ್ಸಿಲ್ ಕೆಳಗಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆ. "ಆಜೆ ಬಹು ಛೆ" ಎಂದವನ ದನಿ ಆಗ ತಲೆಗೆ ಹೋಯಿತು.

ಆ 1,344ರಲ್ಲಿ ನಮ್ಮ ತಂದೆಯವರು ಇದ್ದರೇ? ಇದಕ್ಕೆ ಉತ್ತರವಿಲ್ಲ, ಇರಲೂ ಸಾಧ್ಯವಿಲ್ಲ. ಕಳೆದು ಉಳಿದ ಸಂಖ್ಯೆಗೆ ಹೆಸರುಗಳಿರುವುದಿಲ್ಲ. 4,462 ಜನರನ್ನು ಸಾಲಾಗಿ ನಿಲ್ಲಿಸಿ, ಇವರು 3,118, ಹೇಗಿದ್ದರೂ ಹೋಗುತ್ತಿದ್ದವರು, ಅವರು 1,344, ಬಿಸಿಲಿನಿಂದ ಹೋದವರು ಎಂದು ಯಾವ ವೈದ್ಯನೂ ಬೇರ್ಪಡಿಸಲಾರ. ಅರವತ್ತೆಂಟು ವರ್ಷದ ರಕ್ತದೊತ್ತಡದ ಮನುಷ್ಯ ಗದಗದಲ್ಲಿದ್ದರೂ ಆ ಬೆಳಗ್ಗೆ ಹೋಗುತ್ತಿದ್ದರೋ ಏನೋ. ಆದರೆ ಆ ಹಾಳೆಗಳನ್ನು ಓದಿದ ಮೇಲೆ ನಾನು ಹಾಗೆ ನಂಬಿಕೊಳ್ಳುವುದು ಕಷ್ಟವಾಯಿತು.

ಅಂದು ರಾತ್ರಿ ವಡೋದರಾಕ್ಕೆ ಫೋನ್ ಮಾಡಿ ತಂಗಿಗೆ ಹೇಳಿದೆ. ಆಕೆ ಬಹಳ ಹೊತ್ತು ಮಾತನಾಡಲಿಲ್ಲ. ಆ ವಾರ ಅಪ್ಪ-ಅವ್ವನನ್ನು ತನ್ನ ಮನೆಗೆ ಕಳಿಸು ಎಂದು ಅವಳು ಕೇಳಿದ್ದಳು. ಅವರದು ಕೆಳಗಿನ ಮನೆ, ಹಿತ್ತಲಲ್ಲಿ ಬೇವಿನ ಮರ. ಹುಟ್ಟುಹಬ್ಬ ಮುಗಿಯಲಿ ಎಂದವನು ನಾನು. ಕೊನೆಗೆ ಅವಳು ಕೇಳಿದಳು: "ಅಣ್ಣಾ, ಈಗ ಅದನ್ನ ತಿಳಕೊಂಡು ಏನ್ ಮಾಡೂದೈತಿ?" ನನ್ನಲ್ಲಿ ಉತ್ತರವಿರಲಿಲ್ಲ. ಅವ್ವನಿಗೆ ಹೇಳಬೇಡ ಎಂದಳು. ಹೇಳಲಿಲ್ಲ.

ಆದರೆ ತಿಳಿದುಕೊಳ್ಳುವುದನ್ನು ಬಿಡಲಿಲ್ಲ. ಅಂದಿನಿಂದ ಈ ವಿಷಯದಲ್ಲಿ ಕೈಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಬಂದಿದ್ದೇನೆ. ಓದಿದಷ್ಟೂ ಆ ಶುಕ್ರವಾರದ ಒಂದೊಂದು ತಪ್ಪೂ ಬೆಳಕಿಗೆ ಬಂತು. ವಾಚಕರಲ್ಲಿ ಯಾರಿಗಾದರೂ ಉಪಯೋಗಕ್ಕೆ ಬಂದೀತೆಂದು ಅದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲನೆಯದು, ತಂದೆಯವರ ಆ ಹೆಮ್ಮೆಯ ಮಾತು. ಗದಗದ ಬಿಸಿಲು ಕಡಿಮೆಯದೇನಲ್ಲ. ನಮ್ಮ ಉತ್ತರ ಕರ್ನಾಟಕದಲ್ಲಿ ಬಿಸಿಲಿಗೆ ಮರ್ಯಾದೆ ಕೊಡುವುದು ಸರ್ಕಾರಕ್ಕೂ ಗೊತ್ತು. ಕಲಬುರಗಿ ವಿಭಾಗದಲ್ಲಿ ಏಪ್ರಿಲ್-ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳು ಬೆಳಗ್ಗೆ ಎಂಟಕ್ಕೇ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ಪದ್ಧತಿ ಇದೆ. ಆದರೆ ಮೈಗೆ ಬಿಸಿಲಿನ ಅಭ್ಯಾಸ ಎಂಬುದು ಹುಟ್ಟಿನಿಂದ ಬರುವ ಆಸ್ತಿಯಲ್ಲ. ಹೊಸ ಬಿಸಿಲಿಗೆ ಹೊಂದಿಕೊಳ್ಳಲು ದೇಹಕ್ಕೆ ಒಂದರಿಂದ ಎರಡು ವಾರ ಬೇಕು. ಆ ಅವಧಿಯಲ್ಲಿ ಬೆವರು ಬೇಗ ಬರಲು, ಹೆಚ್ಚು ಬರಲು, ಅದರಲ್ಲಿ ಉಪ್ಪು ಕಡಿಮೆ ಹೋಗಲು ದೇಹ ಕಲಿಯುತ್ತದೆ. ತಂದೆಯವರು ಬಂದು ಆರು ದಿನವಾಗಿತ್ತು. ಅಲ್ಲದೆ ವಯಸ್ಸಾದಂತೆ ಬೆವರು ತಗ್ಗುತ್ತದೆ, ಬಾಯಾರಿಕೆಯ ಅರಿವೇ ಮಂದವಾಗುತ್ತದೆ. ನೀರು ಬೇಕೇ ಎಂದರೆ ಬೇಡ ಎನ್ನುವ ಮುದುಕರು ಸುಳ್ಳು ಹೇಳುತ್ತಿರುವುದಿಲ್ಲ. ಅವರಿಗೆ ನಿಜವಾಗಿ ಬಾಯಾರುವುದಿಲ್ಲ. ಮೇಲಾಗಿ ಅವರ ಎರಡು ಮಾತ್ರೆಗಳಲ್ಲಿ ಒಂದು ಮೂತ್ರ ಹೆಚ್ಚಿಸಿ ದೇಹದ ನೀರಿಳಿಸುವಂಥದು. ಹಾಗೆಂದು ಯಾರೂ ಮಾತ್ರೆಯನ್ನು ತಾವಾಗಿಯೇ ನಿಲ್ಲಿಸಬಾರದು. ಬೇಸಿಗೆಗೆ ಮೊದಲು ವೈದ್ಯರನ್ನು ಒಂದು ಮಾತು ಕೇಳಬೇಕಿತ್ತು, ಅಷ್ಟೇ. ನಾವು ಕೇಳಲಿಲ್ಲ.

ಎರಡನೆಯದು ಫ್ಯಾನು. ಇದನ್ನು ಓದಿದಾಗ ನನಗೆ ಆದ ಸಂಕಟವನ್ನು ಬರೆಯಲಾರೆ, ಏಕೆಂದರೆ ಭೌತಶಾಸ್ತ್ರ ಓದಿದವನು ತಾನಾಗಿಯೇ ಯೋಚಿಸಬೇಕಿತ್ತು. ಫ್ಯಾನು ಗಾಳಿಯನ್ನು ತಣಿಸುವುದಿಲ್ಲ, ಚಲಿಸುತ್ತದೆ ಮಾತ್ರ. ನಮ್ಮ ಚರ್ಮದ ಉಷ್ಣತೆ ಸುಮಾರು 35 ಡಿಗ್ರಿ. ಗಾಳಿ ಅದಕ್ಕಿಂತ ತಂಪಿದ್ದರೆ ಫ್ಯಾನು ಮೈಯ ಶಾಖವನ್ನು ಒಯ್ಯುತ್ತದೆ. ಬಿಸಿಯಿದ್ದರೆ ಒಲೆಯ ಬಾಯಿಯ ಗಾಳಿಯಂತೆ ಶಾಖವನ್ನು ಮೈಗೆ ತುಂಬುತ್ತದೆ. ಆಗ ಕಾಪಾಡುವುದು ಬೆವರೊಂದೇ. ಒಂದು ಲೀಟರ್ ಬೆವರು ಆವಿಯಾದರೆ ಸುಮಾರು 580 ಕಿಲೋಕ್ಯಾಲೊರಿ ಶಾಖ ಹೊರಟುಹೋಗುತ್ತದೆ; ಗುಪ್ತೋಷ್ಣದ ಈ ಪಾಠವನ್ನು ನಾವೆಲ್ಲ ಬಾಯಿಪಾಠ ಮಾಡಿದವರೇ. ಆದರೆ ಆವಿಯಾಗಲು ಮೈಮೇಲೆ ಬೆವರು ಇರಬೇಕಲ್ಲ? 2019ರಲ್ಲಿ ಸಿಡ್ನಿ ವಿಶ್ವವಿದ್ಯಾಲಯದವರು ಆರೋಗ್ಯವಂತ ತರುಣರನ್ನು ಕೋಣೆಯಲ್ಲಿ ಕೂರಿಸಿ ಇದನ್ನೇ ಪರೀಕ್ಷಿಸಿದರು. 40 ಡಿಗ್ರಿಯ ತೇವದ ಗಾಳಿಯಲ್ಲಿ ಫ್ಯಾನಿನಿಂದ ಅನುಕೂಲವಾಯಿತು. 47 ಡಿಗ್ರಿಯ ಒಣ ಗಾಳಿಯಲ್ಲಿ ಅದೇ ಫ್ಯಾನು ಮೈಯ ಒಳಬಿಸಿಯನ್ನೂ ಹೃದಯದ ಶ್ರಮವನ್ನೂ ಹೆಚ್ಚಿಸಿತು. ನಮ್ಮ ಮೇ ತಿಂಗಳ ಗಾಳಿ ಒಣ ಗಾಳಿ. ಬೆವರು ಬತ್ತಿದ ಮುದುಕರೊಬ್ಬರು ಇಡೀ ಮಧ್ಯಾಹ್ನ ಆ ಫ್ಯಾನಿನ ಕೆಳಗೆ ಮಲಗಿದ್ದರು. ನಾವು ಅದನ್ನು ಐದರ ವೇಗಕ್ಕೆ ತಿರುಗಿಸಿ ಉಪಕಾರ ಮಾಡಿದೆವೆಂದುಕೊಂಡಿದ್ದೆವು. ಒಂದು ಒದ್ದೆ ಪಂಚೆ ಹೊದಿಸಿದ್ದರೆ, ಕೈಕಾಲಿಗೆ ಆಗಾಗ ನೀರು ಸವರಿದ್ದರೆ, ಅದೇ ಫ್ಯಾನು ಬೆವರಿನ ಬದಲು ಆ ನೀರನ್ನು ಆರಿಸಿ ಮೈಯನ್ನು ತಣಿಸುತ್ತಿತ್ತು.

ಮೂರನೆಯದು, ಮಗನ ಹೆಸರು ತಪ್ಪಿ ಕರೆದದ್ದು. ಬಿಸಿಲು ಬಡಿದವರಲ್ಲಿ ಮುಖ್ಯವಾಗಿ ನೋಡಬೇಕಾದ ಚಿಹ್ನೆ ಗೊಂದಲ. ಮಾತು ತಪ್ಪುವುದು, ಗುರುತು ತಪ್ಪುವುದು, ಕಾರಣವಿಲ್ಲದ ಸಿಡುಕು, ತೂರಾಟ. ಒಳಬಿಸಿ 40 ಡಿಗ್ರಿ ದಾಟಿದಾಗ ಮೊದಲು ಕೆಡುವುದರಲ್ಲಿ ಮೆದುಳೂ ಒಂದು. ಹಾಗೆ ಕಂಡರೆ 108ಕ್ಕೆ ಫೋನ್ ಮಾಡಬೇಕು. ಗಾಡಿ ಬರುವ ತನಕ ಕಾಯದೆ ಮೈಯನ್ನು ನೀರಿನಿಂದ ತೋಯಿಸಬೇಕು, ಕುತ್ತಿಗೆ, ಕಂಕುಳು, ತೊಡೆಯ ಸಂದುಗಳಲ್ಲಿ ಮಂಜುಗಡ್ಡೆ ಇಡಬೇಕು. ಎಚ್ಚರ ಸರಿಯಿಲ್ಲದವರ ಬಾಯಿಗೆ ನೀರು ಹಾಕಬಾರದು. ನಾವು ನಕ್ಕೆವು ಎಂದು ಮೇಲೆ ಬರೆದಿದ್ದೇನೆ.

ನಾಲ್ಕನೆಯದು ಆ ಮಹಡಿ. ಹಗಲೆಲ್ಲ ಕಾದ ಕಾಂಕ್ರೀಟ್ ಚಪ್ಪಡಿ ಆ ಶಾಖವನ್ನು ಹೀರಿ ಇಟ್ಟುಕೊಳ್ಳುತ್ತದೆ. ಸೂರ್ಯ ಮುಳುಗಿದ ಮೇಲೆ ನಿಧಾನವಾಗಿ ಕೆಳಗೆ ಬಿಡುತ್ತದೆ. ಹೊರಗೆ ಗಾಳಿ ತಣಿದರೂ ಒಳಗೆ ಮಲಗಿದವನಿಗೆ ಬಿಡುವಿಲ್ಲ. ಹಗಲು ದಣಿದ ಹೃದಯಕ್ಕೆ ರಾತ್ರಿ ವಿಶ್ರಾಂತಿ ಸಿಗದಿದ್ದರೆ ಮಾರನೆಯ ಹಗಲು ಇನ್ನೂ ಭಾರ. ಊರಿನ ಮಣ್ಣಿನ ಮಾಳಿಗೆಯೂ, ಇಲ್ಲಿಯ ಹಳೆಯ ಪೋಳುಗಳ ನಡುಚೌಕದ ಮನೆಗಳೂ ಈ ಕಷ್ಟವನ್ನು ಅರಿತೇ ಕಟ್ಟಿದವು. ಮೇಲಿನ ಮಹಡಿಯ ಕೇಡು ನನ್ನ ಊಹೆಯಲ್ಲ. ನಗರದ ಒಂದು ಸಾರ್ವಜನಿಕ ಆಸ್ಪತ್ರೆಯ ನವಜಾತ ಶಿಶುಗಳ ಲೆಕ್ಕ 2014ರಲ್ಲಿ ಪ್ರಕಟವಾಯಿತು. ಅಲ್ಲಿ ಬಿಸಿಲ ಬೇಗೆಯಿಂದ ತೀವ್ರ ನಿಗಾ ಘಟಕಕ್ಕೆ ಸೇರಿದ ಶಿಶುಗಳು 2009ರ ಏಪ್ರಿಲ್‌ನಿಂದ ಜೂನ್‌ವರೆಗೆ 8, ಮರುವರ್ಷ ಅದೇ ತಿಂಗಳುಗಳಲ್ಲಿ 24, ಅದರ ಮರುವರ್ಷ 4. ಬಾಣಂತಿಯರ ವಾರ್ಡು ಮೇಲಿನ ಮಹಡಿಯಲ್ಲಿತ್ತು; ಅದನ್ನು ಕೆಳಗಿನ ಅಂತಸ್ತಿಗೆ ಇಳಿಸಿದ್ದೇ, ಬಿಸಿಲಿನ ಏರಿಳಿತವನ್ನು ಲೆಕ್ಕಕ್ಕೆ ಹಿಡಿದ ಮೇಲೂ, ಇಂಥ ದಾಖಲೆಗಳನ್ನು ನೂರಕ್ಕೆ 64ರಷ್ಟು ತಗ್ಗಿಸಿತೆಂದು ಸಂಶೋಧಕರು ಕಂಡರು. ಹೊಸ ಯಂತ್ರವಿಲ್ಲ, ಹೊಸ ಔಷಧಿಯಿಲ್ಲ. ಮಂಚಗಳನ್ನು ಕೆಳಗೆ ತಂದರು.

ನಗರವೂ ಸುಮ್ಮನೆ ಕೂರಲಿಲ್ಲ ಎಂಬುದನ್ನು ಹೇಳದಿದ್ದರೆ ಅನ್ಯಾಯವಾದೀತು. 2013ರಲ್ಲಿ ಅಹಮದಾಬಾದ್ ಮಹಾನಗರಪಾಲಿಕೆ ಗಾಂಧಿನಗರದ ಸಂಸ್ಥೆಯ ಜೊತೆಗೂಡಿ ಬಿಸಿಲಿಗೊಂದು ಕಾರ್ಯಯೋಜನೆ ಜಾರಿಗೆ ತಂದಿತು. ದಕ್ಷಿಣ ಏಷ್ಯಾದಲ್ಲೇ ಇಂಥದು ಮೊದಲನೆಯದು. ದಿನಗಳ ಮುಂಚೆಯೇ ಮುನ್ಸೂಚನೆ. 41 ದಾಟಿದರೆ ಹಳದಿ, 43 ದಾಟಿದರೆ ಕಿತ್ತಳೆ, 45 ಮುಟ್ಟಿದರೆ ಕೆಂಪು ಎಚ್ಚರಿಕೆ. ಕುಡಿಯುವ ನೀರಿನ ಪರಬ್, ಆಸ್ಪತ್ರೆಯ ಸಿಬ್ಬಂದಿಗೆ ತರಬೇತಿ. 2018ರಲ್ಲಿ ಬಂದ ಮೌಲ್ಯಮಾಪನದ ಪ್ರಕಾರ 2014 ಮತ್ತು 2015ರಲ್ಲಿ ವರ್ಷಕ್ಕೆ ಸರಾಸರಿ 1,190 ಸಾವುಗಳು ತಪ್ಪಿದವು. ಈ ಅಂಕಿಯ ಪಕ್ಕದಲ್ಲಿ ಅವರೇ ಪ್ರಾಮಾಣಿಕವಾಗಿ ಇನ್ನೆರಡು ಅಂಕಿ ಬರೆದಿದ್ದಾರೆ: ಅದು 162ರಷ್ಟು ಕಡಿಮೆ ಇರಬಹುದು, 2,218ರಷ್ಟು ಹೆಚ್ಚೂ ಇರಬಹುದು. ನಮ್ಮ ಕಚೇರಿಯಲ್ಲಿ ಇಂಥ ಮೊತ್ತ ಬರೆದರೆ ಆಡಿಟ್‌ನವರು ಬಿಡುತ್ತಿರಲಿಲ್ಲ. ಆದರೂ ನನಗೆ 162 ಸಾಕು. ಅದರಲ್ಲಿ ಯಾರದೋ ಮನೆಯ ಅಜ್ಜ ಇದ್ದಾನೆ, ಯಾರೆಂದು ಆ ಮನೆಯವರಿಗೂ ಗೊತ್ತಿಲ್ಲ.

ಇದೆಲ್ಲ ಅಹಮದಾಬಾದಿನ ಮಾತಾಯಿತು. ಸೂರತ್ತಿನಲ್ಲಿರುವ ನನ್ನ ಷಡ್ಡಕರು ಬಟ್ಟೆಗೆ ಬಣ್ಣ ಹಾಕುವ ಕಾರ್ಖಾನೆಯೊಂದರಲ್ಲಿ ಲೆಕ್ಕಪತ್ರ ನೋಡುತ್ತಾರೆ. "ನಿಮ್ಮ ನಲವತ್ತೈದು ನಮಗೆಲ್ಲಿ? ನಮ್ಮದು ಮೂವತ್ತೆಂಟು, ಮೂವತ್ತೊಂಬತ್ತು" ಎಂದು ಪ್ರತಿ ಬೇಸಿಗೆಯೂ ಫೋನಿನಲ್ಲಿ ಬೀಗುತ್ತಾರೆ. ಅವರಿಗೆ ಈ ಲೇಖನದ ಪ್ರತಿ ಕಳಿಸುವವನಿದ್ದೇನೆ. ಸಮುದ್ರದ ತೇವ ಇರುವಲ್ಲಿ ಬೆವರು ಆರುವುದಿಲ್ಲ, ಹರಿದುಹೋಗುತ್ತದೆ. ಹರಿದ ಬೆವರು ಶಾಖ ಒಯ್ಯುವುದಿಲ್ಲ. ಸೂರತ್ತಿನ ಸಾವುಗಳ ಲೆಕ್ಕ ನೋಡಿ 2015ರಲ್ಲಿ ಪ್ರಕಟಿಸಿದ ಅಧ್ಯಯನ, ಅಲ್ಲಿ ಉಷ್ಣತೆ 40 ದಾಟಿದೊಡನೆಯೇ ಸಾವು ನೂರಕ್ಕೆ ಸುಮಾರು 11ರಷ್ಟು ಏರುವುದನ್ನು ತೋರಿಸಿತು. ನಮ್ಮಲ್ಲಿ ಹಳದಿ ಎಚ್ಚರಿಕೆಗೂ ಬಾರದ ಬಿಸಿಲು ಅದು. ಒದ್ದೆ ಬಟ್ಟೆ ಸುತ್ತಿದ ಉಷ್ಣಮಾಪಕವನ್ನು ನಾವು ಕಾಲೇಜಿನಲ್ಲಿ ಬಳಸುತ್ತಿದ್ದೆವಲ್ಲ, ಆ ಒದ್ದೆ ಮಾಪಕ 35 ತೋರಿಸುವ ತನಕ ಮನುಷ್ಯ ಹೇಗೋ ತಾಳಬಲ್ಲ ಎಂದು 2010ರಲ್ಲಿ ವಿಜ್ಞಾನಿಗಳು ಲೆಕ್ಕ ಹಾಕಿದ್ದರು. 2022ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ಸ್ಟೇಟ್ ವಿಶ್ವವಿದ್ಯಾಲಯದವರು ತರುಣ-ತರುಣಿಯರಿಗೆ ಒಳಬಿಸಿಯನ್ನು ರೇಡಿಯೋ ಮೂಲಕ ತಿಳಿಸುವ ಪುಟ್ಟ ಗುಳಿಗೆ ನುಂಗಿಸಿ ಪರೀಕ್ಷಿಸಿದಾಗ, ತೇವದ ಗಾಳಿಯಲ್ಲಿ ದೇಹ 30-31ಕ್ಕೇ ಸೋಲಲು ತೊಡಗಿತು. ಅದೂ ಗಟ್ಟಿಮುಟ್ಟಾದ ಪ್ರಾಯದವರಲ್ಲಿ. ಸೂರತ್ತಿನವರು ಇನ್ನೊಂದನ್ನು ಗಮನಿಸಬೇಕು: ಅಹಮದಾಬಾದಿನ ಒಣ ಗಾಳಿಯಲ್ಲಿ ವರವಾಗುವ ನೀರಿನ ಕೂಲರ್ ಅಲ್ಲಿ ತೇವಕ್ಕೆ ತೇವ ಸೇರಿಸುತ್ತದೆ, ನಮಗೆ ಕೆಡುಕು ಮಾಡುವ ಫ್ಯಾನು ಅವರಿಗೆ ಸಹಾಯ ಮಾಡುತ್ತದೆ. ವಡೋದರಾ ಎರಡರ ನಡುವೆ, ನನ್ನ ತಂಗಿಯಂತೆ.

ಈಗ ನಮ್ಮ ಮನೆಯ ಮಾತು. ಸಾಲ ಮಾಡಿ ಚಾಂದಖೇಡಾದಲ್ಲಿ ಕೊಂಡ ಫ್ಲ್ಯಾಟೂ ಮೇಲಿನ ಮಹಡಿಯದೇ. ಕೈಗೆ ಎಟುಕಿದ್ದು ಅದೇ. 2017ರಿಂದ ತಾಯಿ ನಮ್ಮೊಡನೆ ಇದ್ದಾಳೆ. 2024ರ ಮಾರ್ಚ್‌ನಲ್ಲಿ ಸೊಸೈಟಿಯ ಸಭೆಯಲ್ಲಿ ತಾರಸಿಗೆ ಬಿಳಿ ಬಳಿಯುವ ಪ್ರಸ್ತಾಪ ಇಟ್ಟೆ. ಅಹಮದಾಬಾದಿನಲ್ಲಿ 2017ರಲ್ಲಿಯೇ ಸಾವಿರಾರು ಬಡವರ ಚಾವಣಿಗಳಿಗೆ ಸುಣ್ಣ ಬಳಿದಿದ್ದಾರೆ, ಬಿಳಿ ಮೇಲ್ಮೈ ಬಿಸಿಲನ್ನು ಹಿಂದಕ್ಕೆ ಕಳಿಸುತ್ತದೆ ಎಂದೆಲ್ಲ ವಿವರಿಸಿದೆ. ಕೆಳಗಿನ ಮಹಡಿಯವರಿಗೆ ಅದರಲ್ಲಿ ಏನು ಆಸಕ್ತಿ? ಪಕ್ಕದ ಕಟ್ಟಡದವರ ಕಣ್ಣಿಗೆ ಹೊಡೆಯುತ್ತದೆ ಎಂದರು ಒಬ್ಬರು. ಮಳೆಗಾಲಕ್ಕೆ ತೊಳೆದುಹೋಗುತ್ತದೆ ಎಂದರು ಇನ್ನೊಬ್ಬರು. ಅದು ಸ್ವಲ್ಪ ಮಟ್ಟಿಗೆ ನಿಜವೇ. ಹಿರಿಯರೊಬ್ಬರು ನಗುತ್ತ, "ತಡಕೊ ತೊ ಪಡೆ ಜ ನೆ!" ಎಂದರು. ಬಿಸಿಲೆಂದ ಮೇಲೆ ಬೀಳುವುದೇ ಅಲ್ಲವೇ ಎಂದು. ಆಗ, ಹದಿನಾಲ್ಕು ವರ್ಷದಲ್ಲಿ ಮೊದಲ ಬಾರಿಗೆ, ಹೊರಗಿನವರ ಮುಂದೆ ತಂದೆಯವರ ವಿಷಯ ಹೇಳಿದೆ. ನನ್ನ ಗುಜರಾತಿ ಅಷ್ಟಕ್ಕಷ್ಟೆ; ಬೀಗದ ಕೈ ಕೇಳಲು ನಾಚಿದ್ದನ್ನು ಹೇಳುವಾಗ ಮಾತು ಸಿಗದೆ ಹಿಂದಿಗೆ ಜಾರಿದೆ. ಸ್ವಲ್ಪ ಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ ಆ ಹಿರಿಯರೇ, ಖರ್ಚು ಸೊಸೈಟಿಯದಾಗಲಿ, ಕೂಲಿ ಇವರೇ ನೋಡಿಕೊಳ್ಳಲಿ ಎಂದು ತೀರ್ಮಾನಿಸಿದರು. ತಾರಸಿಯ ಬೀಗಕ್ಕೆ ಇನ್ನೊಂದು ಕೀಲಿಕೈ ಮಾಡಿಸಿ ನನಗೇ ಕೊಟ್ಟರು.

ಕೂಲಿ ಎಂದರೆ ನಾನು ಮತ್ತು ನನ್ನ ಮಗ. ಎರಡು ಭಾನುವಾರ ಬೆಳಗ್ಗೆ ಆರಕ್ಕೆ ಹತ್ತಿ, ಗುಡಿಸಿ, ತೊಳೆದು, ಸುಣ್ಣಕ್ಕೆ ಅಂಟು ಬೆರೆಸಿ ಎರಡು ಕೈ ಬಳಿದೆವು. ಅದಕ್ಕೆ ಮೊದಲು ಹತ್ತು ದಿನ, ಆಮೇಲೆ ಹತ್ತು ದಿನ, ತಾಯಿಯ ಕೋಣೆಯಲ್ಲಿ ಉಷ್ಣಮಾಪಕ ತೂಗುಹಾಕಿ ಮಧ್ಯಾಹ್ನ ಮೂರಕ್ಕೂ ರಾತ್ರಿ ಹತ್ತಕ್ಕೂ ಬರೆದಿಟ್ಟೆವು. ಹೊರಗಿನ ಬಿಸಿಲು ಹೆಚ್ಚುಕಡಿಮೆ ಒಂದೇ ಇದ್ದ ದಿನಗಳನ್ನು ಹೋಲಿಸಿದರೆ ಮಧ್ಯಾಹ್ನ ಎರಡೂವರೆ ಡಿಗ್ರಿ, ರಾತ್ರಿ ಎರಡು ಡಿಗ್ರಿ ಕಡಿಮೆ. ಇದು ವಿಜ್ಞಾನವಲ್ಲ, ಒಂದು ಮನೆಯ ಲೆಕ್ಕ. ನಿಜವಾದ ಪರೀಕ್ಷೆ ನಾರೋಲ್ ಕಡೆಯ ವಣಝಾರಾ ವಾಸ್ ಎಂಬ ಬಡಾವಣೆಯಲ್ಲಿ 2025ರಲ್ಲಿ ಸುದ್ದಿಯಾಯಿತು. ಜರ್ಮನಿಯ ಹೈಡೆಲ್‌ಬರ್ಗ್ ವಿಶ್ವವಿದ್ಯಾಲಯ ಮತ್ತು ಗಾಂಧಿನಗರದ ಅದೇ ಸಂಸ್ಥೆ ಕೈಗೊಂಡ ಆ ಅಧ್ಯಯನದಲ್ಲಿ ಸುಮಾರು 400 ಮನೆಗಳಿವೆ. ಚಾವಣಿಗೆ ಬಿಸಿಲು ಹಿಮ್ಮೆಟ್ಟಿಸುವ ಬಿಳಿ ಲೇಪ ಹಾಕಿ, ನಿವಾಸಿಗಳ ಕೈಗೆ ಗಡಿಯಾರದಂಥ ಉಪಕರಣ ಕಟ್ಟಿ, ಹೃದಯದ ಬಡಿತ ಮತ್ತು ನಿದ್ರೆಯನ್ನು ದಾಖಲಿಸಿಕೊಳ್ಳುತ್ತಾರೆ. ಇಂಥದೇ ಪರೀಕ್ಷೆ ಆಫ್ರಿಕದ ಬುರ್ಕಿನಾ ಫಾಸೊದಲ್ಲಿಯೂ ನಡೆದಿದೆ. ಇಲ್ಲಿಯ ತನಕ ಲೆಕ್ಕ ಸತ್ತವರದಾಗಿತ್ತು. ಇದು ಬದುಕಿರುವವರ ಲೆಕ್ಕ, ಮನೆಯ ಒಳಗಿನದು. ಸುದ್ದಿ ಓದಿದ ಮಗ ತನಗೂ ಅಂಥದೊಂದು ಗಡಿಯಾರ ಬೇಕೆಂದ. ಅದು ನಿದ್ರೆಗಾಗಿ ಅಲ್ಲ ಎಂಬುದು ನನಗೆ ಗೊತ್ತು.

ತಂಗಿ ಹೇಳಬೇಡ ಎಂದದ್ದನ್ನು ತಾಯಿಗೆ ಇಂದಿಗೂ ಹೇಳಿಲ್ಲ. ಆದರೆ ಬಳಿದು ಮುಗಿಸಿದ ವಾರ ಒಂದು ಸಂಜೆ ಅವಳೇ ಮೊಮ್ಮಗನ ಕೈ ಹಿಡಿದು ಮೆಟ್ಟಿಲು ಹತ್ತಿ ಬಂದಳು. ಏಳು ಗಂಟೆ, ಇನ್ನೂ ಬೆಳಕಿತ್ತು. ಚಪ್ಪಲಿ ಬಿಟ್ಟು ಬಿಳಿಯ ನೆಲದ ಮೇಲೆ ಒಂದು ಕಾಲಿಟ್ಟು, ಆಮೇಲೆ ಇನ್ನೊಂದು ಕಾಲಿಟ್ಟು, "ಕಾಲು ಸುಡವಲ್ದು ನೋಡು" ಎಂದಳು. ಸ್ವಲ್ಪ ಹೊತ್ತು ಸುತ್ತ ನೋಡುತ್ತ ನಿಂತಿದ್ದು, ನನ್ನ ಕಡೆ ತಿರುಗದೆಯೇ ಕೇಳಿದಳು: "ಆವತ್ತು ಇದರ ಕೀಲಿ ಸಿಗಲಿಲ್ಲೇನು?"

ಸಿಗಲಿಲ್ಲವ್ವಾ ಎಂದೆ. ಅವಳು ಹೂಂ ಎಂದು ಮಗನಿಗೆ ಹಾಸಿಗೆ ತರಲು ಹೇಳಿದಳು.